ಅಂಡಮಾನ್ ಕಡಲತೀರದಲ್ಲಿ ಮರಳುನೊಣದ ಕಾಟ: ಕಡಿತ ತಪ್ಪಿಸುವ ಕ್ರಮ, ಕಚ್ಚಿದ ಮೇಲಿನ ಆರೈಕೆ

ಹ್ಯಾವ್‌ಲಾಕ್‌ನಿಂದ, ಅಂದರೆ ಈಗಿನ ಸ್ವರಾಜ್ ದ್ವೀಪದಿಂದ, ಮರಳಿ ಬಂದವರ ದೂರು ಬಹುಮಟ್ಟಿಗೆ ಒಂದೇ: ‘ಸೊಳ್ಳೆ ಕ್ರೀಮ್ ಹಚ್ಚಿಕೊಂಡಿದ್ದೆವು, ಆದರೂ ಮೊಣಕಾಲಿನ ಕೆಳಗೆ ಪೂರ್ತಿ ಕೆಂಪು ಗುಳ್ಳೆ ಎದ್ದಿದೆ, ರಾತ್ರಿ ನಿದ್ರೆಯಿಲ್ಲ.’ ಕ್ರೀಮ್ ಹಚ್ಚಿದ್ದು ನಿಜವೇ. ಹಚ್ಚಿದ ಹೊತ್ತು, ಹಚ್ಚಿದ ಕ್ರಮ, ಹಚ್ಚದೆ ಬಿಟ್ಟ ಜಾಗ, ಈ ಮೂರರಲ್ಲಿ ಒಂದು ತಪ್ಪಿರುತ್ತದೆ. ಕಚ್ಚಿದ ಮೇಲೆ ಮಾಡುವ ತಪ್ಪುಗಳು ಬೇರೆ. ಕೆಲವು ದಿನ ಕಾಡಿ ಹೋಗಬೇಕಾದ ತುರಿಕೆ ಕೀವು ತುಂಬಿದ ಗಾಯವಾಗುವುದು ಅವುಗಳಿಂದಲೇ.

ಈ ಮಾರ್ಗದರ್ಶಿಯನ್ನು ಅಂಡಮಾನ್ ಪ್ರವಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಬೆಂಗಳೂರಿನಿಂದ ನೇರ ವಿಮಾನವಿರುವುದರಿಂದ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ಹೋಗುವ ಉಷ್ಣವಲಯದ ಕಡಲತೀರ ಅದು. ಹಂತಗಳನ್ನು ಇಲ್ಲಿರುವ ಅನುಕ್ರಮದಲ್ಲೇ ಪಾಲಿಸಿ.

## ಹಂತ 1: ಕಚ್ಚುತ್ತಿರುವುದು ಯಾವುದು ಎಂದು ತಿಳಿಯಿರಿ

ಕಡಲತೀರದಲ್ಲಿ ಎಲ್ಲರೂ ಸ್ಯಾಂಡ್‌ಫ್ಲೈ, ಅಂದರೆ ಮರಳುನೊಣ, ಎಂದು ಕರೆಯುವ ಜೀವಿ ಹೆಚ್ಚಿನ ಸಂದರ್ಭಗಳಲ್ಲಿ ಕಚ್ಚುವ ನೊರಜು. ಉದ್ದ ಒಂದರಿಂದ ಮೂರು ಮಿಲಿಮೀಟರ್, ಅಷ್ಟೇ. ಸೊಳ್ಳೆಯಂತೆ ಕಿವಿಯ ಬಳಿ ಗುಂಯ್‌ಗುಡುವುದಿಲ್ಲ, ಕುಳಿತಿದ್ದೂ ಗೊತ್ತಾಗುವುದಿಲ್ಲ. ಹೆಣ್ಣು ಮಾತ್ರ ಕಚ್ಚುತ್ತದೆ; ಚರ್ಮವನ್ನು ಕತ್ತರಿಸಿ, ಅಲ್ಲಿ ಒಸರುವ ರಕ್ತವನ್ನು ಹೀರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಬಿಡುವ ಜೊಲ್ಲಿಗೆ ನಮ್ಮ ದೇಹ ತೋರುವ ಅಲರ್ಜಿಯೇ ಈ ತುರಿಕೆ.

ಕಾಲಾ ಅಜಾರ್ ಎಂಬ ಮಾರಕ ಜ್ವರರೋಗವನ್ನು ಹರಡುವ ನಿಜವಾದ ಮರಳುನೊಣ ಬೇರೆಯೇ ಕುಟುಂಬಕ್ಕೆ ಸೇರಿದ್ದು. ನಮ್ಮ ದೇಶದಲ್ಲಿ ಆ ರೋಗದ ಮುಖ್ಯ ನೆಲೆ ಬಿಹಾರ, ಜಾರ್ಖಂಡ್, ಉತ್ತರ ಪ್ರದೇಶ ಮತ್ತು ಪಶ್ಚಿಮ ಬಂಗಾಳದ ಕೆಲವು ಜಿಲ್ಲೆಗಳು. ಅಂತರ್ಜಾಲದಲ್ಲಿ ‘ಸ್ಯಾಂಡ್‌ಫ್ಲೈ’ ಎಂದು ಹುಡುಕಿ, ಆ ರೋಗದ ಚಿತ್ರಗಳನ್ನು ಕಂಡು ರಜೆಯಿಡೀ ಹೆದರಿಕೊಂಡೇ ಕಳೆದವರಿದ್ದಾರೆ. ಅಷ್ಟು ಹೆದರಬೇಕಾಗಿಲ್ಲ.

ಈ ನೊರಜಿನ ನಾಲ್ಕು ಸ್ವಭಾವಗಳನ್ನು ನೆನಪಿಡಿ. ಮುಂದಿನ ಹಂತಗಳೆಲ್ಲ ಇವುಗಳ ಮೇಲೆಯೇ ನಿಂತಿವೆ.

- ಒದ್ದೆ ಮರಳು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರು, ಕೊಳೆಯುತ್ತಿರುವ ಕಡಲಪಾಚಿ ಇದರ ಹುಟ್ಟುನೆಲೆ.
- ಹಾರಾಟದಲ್ಲಿ ಬಲು ದುರ್ಬಲ. ಗಂಟೆಗೆ 10 ಕಿಲೋಮೀಟರ್ ವೇಗದ ಗಾಳಿಯಲ್ಲೂ ಸರಿಯಾಗಿ ಹಾರಲಾರದು.
- ನೆಲಕ್ಕೆ ಹತ್ತಿರದಲ್ಲೇ ಹೆಚ್ಚು ಸುಳಿದಾಡುತ್ತದೆ. ಪಾದ, ಕಾಲಿನ ಹರಡು, ಮೀನಖಂಡಗಳಿಗೇ ಮೊದಲ ಪೆಟ್ಟು.
- ಬೆಳಗಿನ ಜಾವ ಮತ್ತು ಮುಸ್ಸಂಜೆ ಇದರ ಮುಖ್ಯ ಬೇಟೆಯ ಹೊತ್ತು. ಹಗಲಲ್ಲೇ ಕಚ್ಚುವ ಜಾತಿಗಳೂ ಇವೆ.

## ಹಂತ 2: ಚೀಲಕ್ಕೆ ಹಾಕಬೇಕಾದದ್ದನ್ನು ಊರಲ್ಲೇ ಕೊಳ್ಳಿ

ದ್ವೀಪಗಳಲ್ಲಿ ಔಷಧದಂಗಡಿಗಳು ಕಡಿಮೆ. ಬೇಕಾದದ್ದು ಬೇಕಾದಾಗ ಸಿಗುತ್ತದೆ ಎಂದುಕೊಂಡು ಹೋಗಬೇಡಿ.

ಕೀಟ ನಿವಾರಕ. ಹೆಸರು ನೋಡಿ ಕೊಳ್ಳಬೇಡಿ, ಹಿಂಬದಿಯ ಚೀಟಿ ಓದಿ. ಕೀಟವನ್ನು ದೂರವಿಡುವ ರಾಸಾಯನಿಕಗಳಲ್ಲಿ ಡೀಟ್ (DEET) ಶೇ 20ರಿಂದ 30 ಅಥವಾ ಪಿಕಾರಿಡಿನ್ ಶೇ 20 ಇರುವುದನ್ನು ಆರಿಸಿ. ಪಿಕಾರಿಡಿನ್‌ಗೆ ವಾಸನೆ ಕಡಿಮೆ, ಪ್ಲಾಸ್ಟಿಕ್ ಹಾಳು ಮಾಡುವುದಿಲ್ಲ. ಡೀಟ್ ತಗುಲಿದರೆ ತಂಪು ಕನ್ನಡಕ, ಕೈಗಡಿಯಾರ, ಈಜುಕನ್ನಡಕದ ಪ್ಲಾಸ್ಟಿಕ್ ಮೆತ್ತಗಾಗಿ ಮಸುಕಾಗುತ್ತದೆ. ಹೂವಿನ ಪರಿಮಳದ, ‘ನೈಸರ್ಗಿಕ’ ಎಂಬ ಹಣೆಪಟ್ಟಿಯ ಎಣ್ಣೆಗಳಲ್ಲಿ ಹೆಚ್ಚಿನವು ಸ್ವಲ್ಪ ಹೊತ್ತಿನಲ್ಲೇ ಆರಿಹೋಗುತ್ತವೆ. ಒತ್ತಡದ ಡಬ್ಬಿಯ ಸ್ಪ್ರೇಗೆ ವಿಮಾನದಲ್ಲಿ ತಕರಾರು ಬರಬಹುದು. ಕ್ರೀಮ್ ಅಥವಾ ಲೋಷನ್ ರೂಪದ್ದನ್ನು ಚೆಕ್-ಇನ್ ಮಾಡುವ ದೊಡ್ಡ ಚೀಲದಲ್ಲಿ ಹಾಕಿ ಕಳುಹಿಸಿ.

ಬಟ್ಟೆ. ತಿಳಿಬಣ್ಣದ, ಸಡಿಲವಾದ ಪೂರ್ಣ ಪ್ಯಾಂಟ್, ತೋಳು ಮುಚ್ಚುವ ಅಂಗಿ, ಎರಡು ಜೊತೆ ಕಾಲುಚೀಲ. ಕಾಲಿಗೆ ಅಂಟಿಕೊಳ್ಳುವ ತೆಳು ಲೆಗ್ಗಿಂಗ್‌ ಮೂಲಕವೂ ಕಡಿತ ತಗುಲಬಹುದು. ಕೂರಲು, ಹೊದೆಯಲು, ಕಾಲಿಗೆ ಸುತ್ತಿಕೊಳ್ಳಲು ದಪ್ಪನೆಯ ಪಂಚೆಯೊಂದು ಇರಲಿ. ಇದರಷ್ಟು ಹಗುರವಾದ, ಇಷ್ಟು ಕೆಲಸಕ್ಕೆ ಬರುವ ವಸ್ತು ಇನ್ನೊಂದಿಲ್ಲ.

ಔಷಧದ ಪೊಟ್ಟಣ. ತುರಿಕೆ ತಣಿಸುವ ಕ್ಯಾಲಮೈನ್ ಲೋಷನ್, ಅಲರ್ಜಿ ತಗ್ಗಿಸುವ ಸೆಟಿರಿಜಿನ್ ಅಥವಾ ಲೊರಾಟಡಿನ್ ಮಾತ್ರೆ, ವೈದ್ಯರನ್ನು ಕೇಳಿ ತಂದ, ಊತ ಇಳಿಸುವ ಶೇ 1ರ ಹೈಡ್ರೋಕಾರ್ಟಿಸೋನ್ ಕ್ರೀಮ್, ನೀರು ತಾಕದ ಪಟ್ಟಿಗಳು, ಮೃದುವಾದ ಸೋಪು, ಉಗುರು ಕತ್ತರಿ. ಕೊನೆಯದನ್ನು ಮರೆಯುವವರೇ ಹೆಚ್ಚು. ಗಾಯಕ್ಕೆ ಸೋಂಕು ತಗುಲಲು ಉಗುರೇ ಮುಖ್ಯ ದಾರಿಯಾದ್ದರಿಂದ ಅದು ಇರಲೇಬೇಕು.

ಬೇಡದವು: ಕೈಗೆ ಕಟ್ಟುವ ನಿವಾರಕ ಪಟ್ಟಿ, ಶಬ್ದತರಂಗದ ಯಂತ್ರ, ಬಿ ವಿಟಮಿನ್ ಮಾತ್ರೆ, ಬೆಳ್ಳುಳ್ಳಿ ತಿನ್ನುವ ಪಥ್ಯ. ಇವುಗಳಿಂದ ಕಡಿತ ಕಡಿಮೆಯಾಗುವುದಿಲ್ಲ.

## ಹಂತ 3: ಗಡಿಯಾರವನ್ನು ಅಂಡಮಾನಿಗೆ ಹೊಂದಿಸಿ

ನಮ್ಮ ಊರುಗಳಿಂದ ಹೋದವರು ಎಡವುವುದು ಬಹುಪಾಲು ಇಲ್ಲೇ. ಗಡಿಯಾರ ತೋರುವ ಸಮಯ ದೇಶಕ್ಕೆಲ್ಲ ಒಂದೇ ಆದರೂ ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವದಲ್ಲಿದೆ. ಅಲ್ಲಿ ಸೂರ್ಯ ನಮಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮೊದಲೇ ಹುಟ್ಟಿ, ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ 5ರ ಹೊತ್ತಿಗೆ ಸೂರ್ಯಾಸ್ತ. ಮೇ ತಿಂಗಳಲ್ಲೂ 6 ಗಂಟೆಯೊಳಗೆ ಮುಗಿದಿರುತ್ತದೆ.

ಸಂಜೆ ಆರಕ್ಕೆ ಹಚ್ಚಿಕೊಂಡರಾಯಿತು ಎಂದು ಊರಿನ ಲೆಕ್ಕ ಹಾಕಿದವರಿಗೆ ಕಡಿತ ಅಷ್ಟರಲ್ಲೇ ಮುಗಿದಿರುತ್ತದೆ. ಡಿಸೆಂಬರ್‌ನಲ್ಲಿ ಹೋಗುವವರು ಮಧ್ಯಾಹ್ನ 3.30ಕ್ಕೇ ನಿವಾರಕ ಹಚ್ಚಿ, ಪೂರ್ಣ ಬಟ್ಟೆ ತೊಟ್ಟಿರಬೇಕು. ಸೂರ್ಯೋದಯ ನೋಡಲು ಹೋಗುವವರಿಗೂ ಇದೇ ಎಚ್ಚರ: ಕೊಠಡಿ ಬಿಡುವ ಮುಂಚೆ, ಕತ್ತಲಿರುವಾಗಲೇ ಹಚ್ಚಿರಬೇಕು.

ಪಂಚಾಂಗವನ್ನೂ ಒಮ್ಮೆ ನೋಡಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವಿಳಿತ ದೊಡ್ಡದಾಗಿರುತ್ತದೆ, ಕೆಸರಿನ ಅಂಚು ಹೆಚ್ಚು ತೆರೆದುಕೊಳ್ಳುತ್ತದೆ. ಕಡಲ ನೊರಜಿನ ಕೆಲವು ಜಾತಿಗಳು ಆ ದಿನಗಳಲ್ಲೇ ಹೆಚ್ಚಾಗಿ ಹೊರಬರುತ್ತವೆ. ಪ್ರವಾಸದ ದಿನ ಬದಲಾಯಿಸಬೇಕಾಗಿಲ್ಲ. ಆ ಸಂಜೆಗಳಲ್ಲಿ ನಿರ್ಲಕ್ಷ್ಯ ಬೇಡ.

## ಹಂತ 4: ಮೊದಲು ಸನ್‌ಸ್ಕ್ರೀನ್, ಆಮೇಲೆ ನಿವಾರಕ

ಈ ಅನುಕ್ರಮ ತಲೆಕೆಳಗಾದರೆ ನಿವಾರಕ ಸರಿಯಾಗಿ ಕೆಲಸ ಮಾಡದು.

1. ಸ್ನಾನ ಮಾಡಿ, ಉಪ್ಪು ಮತ್ತು ಬೆವರು ತೊಳೆದು ಮೈ ಒರೆಸಿಕೊಳ್ಳಿ.
2. ಸನ್‌ಸ್ಕ್ರೀನ್ ಹಚ್ಚಿ 15ರಿಂದ 20 ನಿಮಿಷ ಕಾಯಿರಿ.
3. ನಿವಾರಕವನ್ನು ತೆರೆದ ಚರ್ಮಕ್ಕೆಲ್ಲ ತೆಳುವಾಗಿ, ಎಡೆ ಬಿಡದೆ ಸವರಿ. ಬಟ್ಟೆಯ ಕೆಳಗಿನ ಚರ್ಮಕ್ಕೆ ಬೇಡ.
4. ಕೈ ತೊಳೆದು, ಆಮೇಲೆ ಕನ್ನಡಕ, ಮೊಬೈಲ್ ಮುಟ್ಟಿ.

ಮರೆತುಹೋಗುವ ಜಾಗಗಳನ್ನು ಹೆಸರಿಟ್ಟು ಹೇಳುತ್ತೇನೆ: ಕಾಲ್ಬೆರಳ ಸಂದಿ, ಹರಡಿನ ಹಿಂಭಾಗ, ಮಂಡಿಯ ಹಿಂದಿನ ಮಡಿಕೆ, ಕಿವಿಯ ಹಿಂಬದಿ, ಕತ್ತಿನ ಹಿಂಭಾಗ, ಕೂತಾಗ ಅಂಗಿ ಮೇಲೆ ಸರಿದು ಕಾಣುವ ಸೊಂಟ. ಅಂಗೈಯಗಲದ ಜಾಗ ಉಳಿದರೂ ನೊರಜು ಅಲ್ಲಿಗೇ ಬಂದು ಕೂರುತ್ತದೆ.

ಸನ್‌ಸ್ಕ್ರೀನ್ ಮತ್ತು ನಿವಾರಕ ಒಂದೇ ಬಾಟಲಿಯಲ್ಲಿ ಬೆರೆತು ಬರುವ ಉತ್ಪನ್ನವನ್ನು ಕೊಳ್ಳಬೇಡಿ. ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಹಚ್ಚಬೇಕು, ನಿವಾರಕಕ್ಕೆ ಅಷ್ಟು ಸಲ ಬೇಡ. ಬೆರೆತದ್ದನ್ನು ಹಚ್ಚುತ್ತಾ ಹೋದರೆ ಡೀಟ್ ಅನಗತ್ಯವಾಗಿ ಮೈಸೇರುತ್ತದೆ. ಸನ್‌ಸ್ಕ್ರೀನಿನ ಮೇಲೆ ಡೀಟ್ ಹಚ್ಚಿದಾಗ ಸನ್‌ಸ್ಕ್ರೀನಿನ ಬಲವೂ ಕುಗ್ಗುವುದರಿಂದ ಟೋಪಿ, ನೆರಳು ಬಿಡಬೇಡಿ.

ನೀರಿಗಿಳಿಯುವ ಮುಂಚೆ ನಿವಾರಕ ಹಚ್ಚುವುದು ದುಡ್ಡಿನ ದಂಡ, ಹವಳದ ದಿಬ್ಬಗಳಿರುವ ಕಡಲಿಗೂ ಒಳ್ಳೆಯದಲ್ಲ. ನೀರಿಂದ ಎದ್ದು, ಮೈ ಒರೆಸಿಕೊಂಡ ಕೂಡಲೇ ಹಚ್ಚಿ. ಒದ್ದೆ ಈಜುಡುಗೆಯಲ್ಲಿ, ನಿವಾರಕವಿಲ್ಲದೆ ಮರಳ ಮೇಲೆ ಹರಟುತ್ತಾ ಕೂರುವ ಆ ಅರ್ಧ ಗಂಟೆಯಲ್ಲೇ ಬಹುಪಾಲು ಕಡಿತ ಆಗುವುದು.

ಕೊಬ್ಬರಿ ಎಣ್ಣೆ? ದಪ್ಪಗೆ ಬಳಿದುಕೊಂಡರೆ ಸಣ್ಣ ಹುಳು ಎಣ್ಣೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಹೊತ್ತು ತಡೆಯಾಗುತ್ತದೆ. ಬೆವರಿಗೆ, ಮರಳಿಗೆ ಎಣ್ಣೆ ಅಳಿದ ಮೇಲೆ ಏನೂ ಇಲ್ಲ. ಬೇರೇನೂ ಸಿಗದಿದ್ದರೆ ಬಳಸಿ, ಅದನ್ನೇ ನೆಚ್ಚಿಕೊಂಡು ಹೋಗಬೇಡಿ. ಎಣ್ಣೆಗೆ ಡೆಟಾಲ್ ಬೆರೆಸಿ ಹಚ್ಚುವ ಪದ್ಧತಿ ಪ್ರವಾಸಿಗರಲ್ಲಿ ಹರಡಿದೆ. ಮೈಗೆಲ್ಲ ಅದನ್ನು ಬಳಿದು ಬಿಸಿಲಲ್ಲಿ ಕೂತರೆ ಚರ್ಮ ಉರಿದು ಕೆಂಪಾಗುತ್ತದೆ. ಬೇಡ.

ಮಕ್ಕಳು, ಗರ್ಭಿಣಿಯರು. ಎರಡು ತಿಂಗಳಿಗಿಂತ ಚಿಕ್ಕ ಕೂಸಿಗೆ ಯಾವ ನಿವಾರಕವೂ ಬೇಡ. ಬಟ್ಟೆ, ಸಣ್ಣ ಕಣ್ಣಿನ ಪರದೆಯಷ್ಟೇ ರಕ್ಷಣೆ. ನಿಂಬೆ ನೀಲಗಿರಿ ಎಣ್ಣೆ ಎಂಬ ಹೆಸರಿನ ನಿವಾರಕವನ್ನು ಮೂರು ವರ್ಷದೊಳಗಿನವರಿಗೆ ಹಚ್ಚಬಾರದು. ದೊಡ್ಡ ಮಕ್ಕಳಿಗೆ ನೀವೇ ನಿಮ್ಮ ಕೈಗೆ ಹಾಕಿಕೊಂಡು ಸವರಿ. ಅವರ ಅಂಗೈ, ಕಣ್ಣು, ಬಾಯಿಯ ಸುತ್ತ ತಾಗಕೂಡದು. ಗರ್ಭಿಣಿಯರು ಯಾವುದನ್ನು ಬಳಸಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿರಲಿ.

## ಹಂತ 5: ಕೂರುವ ಜಾಗವನ್ನು ಗಾಳಿ ನೋಡಿ ಆರಿಸಿ

ಕ್ರೀಮಿನಷ್ಟೇ ಕೆಲಸ ಮಾಡುವುದು ಗಾಳಿ, ಅದಕ್ಕೆ ಖರ್ಚಿಲ್ಲ. ಕೂರುವ ಮುಂಚೆ ಒಂದು ಹಿಡಿ ಒಣ ಮರಳನ್ನು ಎತ್ತರದಿಂದ ಬಿಡಿ. ನೇರವಾಗಿ ಬಿದ್ದರೆ ಆ ಜಾಗ ಬೇಡ.

ನವೆಂಬರ್‌ನಿಂದ ಫೆಬ್ರವರಿಯವರೆಗೆ ಅಂಡಮಾನಿನಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ. ಹ್ಯಾವ್‌ಲಾಕ್‌ನ ರಾಧಾನಗರ ತೀರ ಪಶ್ಚಿಮಕ್ಕೆ ಮುಖ ಮಾಡಿದೆ, ಬೆನ್ನಿಗೆ ದಟ್ಟ ಕಾಡು. ಸಂಜೆ ಅಲ್ಲಿ ಗಾಳಿಗೆ ಕಾಡಿನ ಮರೆ. ಸೂರ್ಯಾಸ್ತ ನೋಡಲು ಎಲ್ಲರೂ ಬರಿಗಾಲಲ್ಲಿ, ಚಡ್ಡಿಯಲ್ಲಿ ಸೇರುವುದೂ ಅದೇ ತೀರದಲ್ಲಿ, ಅದೇ ಹೊತ್ತಿನಲ್ಲಿ. ನೀಲ್ ದ್ವೀಪದ, ಈಗಿನ ಶಹೀದ್ ದ್ವೀಪದ, ಲಕ್ಷ್ಮಣಪುರ ತೀರವೂ ಸೂರ್ಯಾಸ್ತಕ್ಕೇ ಹೆಸರಾದದ್ದು. ಅಲ್ಲಿಗೆ ಹೋಗಲೇಬೇಕು, ಆ ಆಕಾಶವನ್ನು ನೋಡದೆ ಬರುವುದು ನಷ್ಟವೇ. ಆದರೆ ನಿಂತು ನೋಡಿ, ಓಡಾಡುತ್ತಾ ನೋಡಿ; ಮರಳ ಮೇಲೆ ಒರಗಿಕೊಂಡು ನೋಡಬೇಡಿ. ಪೂರ್ವದ ಕಾಲಾಪತ್ಥರ್ ಕಡೆಯ ತೀರಕ್ಕೆ ಆ ತಿಂಗಳುಗಳಲ್ಲಿ ಗಾಳಿ ಹೆಚ್ಚು ತಟ್ಟುತ್ತದೆ.

ತಪ್ಪಿಸಬೇಕಾದ ಜಾಗಗಳು: ಅಲೆ ತಂದೊಡ್ಡಿದ ಪಾಚಿಯ ಸಾಲು, ಕಾಂಡ್ಲಾ ಗಿಡಗಳ ಅಂಚು, ತೊರೆ ಕಡಲಿಗೆ ಸೇರುವ ಬಾಯಿ, ಮರದ ಬುಡದ ತಣ್ಣನೆಯ ತೇವದ ಮರಳು. ನೆಲದಿಂದ ಎತ್ತರದ ಕುರ್ಚಿ ಅಥವಾ ಹಾಸುಮಂಚ ಸಿಕ್ಕರೆ ಬಿಡಬೇಡಿ. ತೆಳು ಟವೆಲಿನ ಮೇಲೆ ಮಲಗುವವರ ಬೆನ್ನು, ತೊಡೆಯ ಹಿಂಭಾಗದಲ್ಲಿ ಮರುದಿನ ಸಾಲುಸಾಲು ಗುಳ್ಳೆ ಏಳುತ್ತವೆ.

## ಹಂತ 6: ಕೊಠಡಿ

ಸಾಧಾರಣ ಸೊಳ್ಳೆಪರದೆಯ ಕಣ್ಣಿನಲ್ಲಿ ಈ ನೊರಜು ಸಲೀಸಾಗಿ ನುಸುಳುತ್ತದೆ. ಪರದೆಗಿಂತ ಫ್ಯಾನ್ ನಂಬಿ. ಮಂಚದ ಮೇಲೆ ನೇರವಾಗಿ, ಜೋರಾಗಿ ಬೀಸಲಿ. ನೊರಜು ಬೆಳಕಿಗೂ ಬರುತ್ತದೆ, ಆದ್ದರಿಂದ ಮುಸ್ಸಂಜೆಗೆ ಮುಂಚೆ ಕಿಟಕಿ ಬಾಗಿಲು ಮುಚ್ಚಿ, ಆಮೇಲೆ ದೀಪ ಹಾಕಿ. ಬಿದಿರು ಗುಡಿಸಲಿನಂಥ ತಂಗುದಾಣ ಕಾಯ್ದಿರಿಸುವಾಗ ಫ್ಯಾನ್ ಮತ್ತು ರಾತ್ರಿಯಿಡೀ ವಿದ್ಯುತ್ ಇರುತ್ತದೆಯೇ ಎಂದು ಕೇಳಿ. ಮಲಗುವ ಮುಂಚೆ ಸೋಪಿನಿಂದ ನಿವಾರಕ ತೊಳೆದುಕೊಳ್ಳಿ.

## ಹಂತ 7: ಕಚ್ಚಿದೆ ಎಂದು ಗೊತ್ತಾದ ಮೊದಲ ಗಂಟೆ

ಕೆಲವರಿಗೆ ಕೂಡಲೇ ಚುರುಗುಟ್ಟುತ್ತದೆ. ಹಲವರಿಗೆ ಕೆಲವು ಗಂಟೆಗಳ ನಂತರ, ಎಷ್ಟೋ ಸಲ ಮರುದಿನ ಬೆಳಗ್ಗೆ ಗೊತ್ತಾಗುತ್ತದೆ. ತುರಿಕೆ ಒಂದೆರಡು ದಿನ ಏರುತ್ತಲೇ ಹೋಗಿ ಆಮೇಲೆ ಇಳಿಯುವುದು ಇದರ ರೀತಿ. ಎರಡನೆಯ ದಿನ ಹೆಚ್ಚಾಯಿತೆಂದು ಗಾಬರಿಪಟ್ಟು ಸಿಕ್ಕಿದ್ದನ್ನೆಲ್ಲ ಹಚ್ಚಬೇಡಿ.

ಮೊದಲು ಇದು ನೊರಜಿನ ಕಡಿತವೇ ಎಂದು ಖಚಿತಪಡಿಸಿಕೊಳ್ಳಿ. ನಡುವೆ ಚುಕ್ಕೆಯಿರುವ ಸಣ್ಣ ಕೆಂಪು ಗುಳ್ಳೆಗಳು ಗುಂಪುಗುಂಪಾಗಿ ಕಾಲಿನ ಹರಡು, ಮೀನಖಂಡಗಳ ಮೇಲಿದ್ದರೆ ಹೌದು. ಈಜುಡುಗೆಯ ಒಳಗೆ ಮುಚ್ಚಿದ್ದ ಜಾಗದಲ್ಲಷ್ಟೇ ದದ್ದು ಎದ್ದಿದ್ದರೆ ಕಡಲಿನ ಲೋಳೆಮೀನಿನ (ಜೆಲ್ಲಿಫಿಶ್) ಮರಿಗಳ ಕೆಲಸವಿರಬಹುದು. ರಾತ್ರಿ ಮಲಗೆದ್ದ ಮೇಲೆ ಗೆರೆ ಎಳೆದಂತೆ ಮೂರು ನಾಲ್ಕು ಗುಳ್ಳೆ ಸಾಲಾಗಿ ಕಂಡರೆ ಹಾಸಿಗೆಯಲ್ಲಿ ತಿಗಣೆ ಹುಡುಕಿ.

1. ಸೋಪು, ಸಿಹಿನೀರಿನಿಂದ ಮೃದುವಾಗಿ ತೊಳೆಯಿರಿ. ಉಜ್ಜಬೇಡಿ.
2. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಅಥವಾ ತಣ್ಣೀರ ಪಟ್ಟಿಯನ್ನು 10 ನಿಮಿಷ ಒತ್ತಿಡಿ. ಮಂಜುಗಡ್ಡೆ ನೇರವಾಗಿ ಚರ್ಮಕ್ಕೆ ತಾಗದಿರಲಿ.
3. ಆರಿದ ಮೇಲೆ ಕ್ಯಾಲಮೈನ್ ಲೋಷನ್ ಹಚ್ಚಿ.
4. ಉಗುರು ಕತ್ತರಿಸಿ. ಮಕ್ಕಳದ್ದನ್ನು ಮೊದಲು.

## ಹಂತ 8: ಮುಂದಿನ ದಿನಗಳು

ತುರಿಕೆ ತಡೆಯಲಾಗದಿದ್ದರೆ ವಯಸ್ಕರು ರಾತ್ರಿ ಸೆಟಿರಿಜಿನ್ 10 ಮಿಲಿಗ್ರಾಂನ ಒಂದು ಮಾತ್ರೆ ತೆಗೆದುಕೊಳ್ಳಬಹುದು. ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಬೇರೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ನುಂಗಬಾರದು. ಮಕ್ಕಳ ಪ್ರಮಾಣವನ್ನೂ ವೈದ್ಯರೇ ಹೇಳಬೇಕು. ಈ ಮಾತ್ರೆ ತೂಕಡಿಕೆ ತರುತ್ತದೆ. ಮದ್ಯ ಜೊತೆಯಾದರೆ ಇನ್ನೂ ಹೆಚ್ಚು. ಹ್ಯಾವ್‌ಲಾಕ್‌ನಲ್ಲಿ ಬಾಡಿಗೆ ಸ್ಕೂಟರ್ ಓಡಿಸುವವರು, ಮರುದಿನ ಸ್ಕೂಬಾ ಡೈವಿಂಗ್‌ಗೆ ಹೋಗುವವರು ಇದನ್ನು ಗಂಭೀರವಾಗಿ ಪರಿಗಣಿಸಿ. ಮಾತ್ರೆ ತೆಗೆದುಕೊಂಡಿದ್ದರೆ ಡೈವಿಂಗ್ ತರಬೇತುದಾರರಿಗೆ ಹೇಳಿಯೇ ನೀರಿಗಿಳಿಯಿರಿ.

ಹೆಚ್ಚು ಊದಿದ ಗುಳ್ಳೆಗಳಿಗೆ ಶೇ 1ರ ಹೈಡ್ರೋಕಾರ್ಟಿಸೋನನ್ನು ದಿನಕ್ಕೆ ಎರಡು ಸಲ, ತೆಳುವಾಗಿ, ಕೆಲವೇ ದಿನ. ಚರ್ಮ ಒಡೆದಿದ್ದರೆ, ಕೀವಿದ್ದರೆ, ಮುಖದ ಮೇಲಾದರೆ ಬೇಡ.

ತುರಿಕೆ ಬಂದಾಗ ಕೆರೆಯುವ ಬದಲು ಅಂಗೈಯಿಂದ ಒತ್ತಿ ಹಿಡಿಯಿರಿ, ಅಥವಾ ಮತ್ತೆ ತಣ್ಣೀರ ಪಟ್ಟಿ ಇಡಿ. ನಿದ್ರೆಯಲ್ಲಿ ಕೆರೆದುಕೊಳ್ಳುವವರು ಸಡಿಲವಾದ ಹತ್ತಿಯ ಕಾಲುಚೀಲ ಹಾಕಿ ಮಲಗಬೇಕು. ಬಿಸಿನೀರಿನ ಸ್ನಾನ ಆ ಕ್ಷಣಕ್ಕೆ ಹಿತ, ಆಮೇಲೆ ತುರಿಕೆ ಕೆರಳುತ್ತದೆ. ಕೆರೆದು ರಕ್ತ ಬಂದಿದ್ದರೆ ಸೋಪಿನಿಂದ ತೊಳೆದು ಪಟ್ಟಿ ಹಾಕಿ, ಗಾಯ ಒಣಗುವವರೆಗೆ ಕಡಲಿಗೆ ಇಳಿಯಬೇಡಿ. ಉಪ್ಪುನೀರು ಗಾಯ ಶುದ್ಧ ಮಾಡುತ್ತದೆ ಎಂಬ ನಂಬಿಕೆ ಅಪಾಯಕಾರಿ. ಬೆಚ್ಚನೆಯ ಕಡಲಿನಲ್ಲಿ ಗಾಯಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾಗಳಿವೆ.

## ಹಚ್ಚಬಾರದ ವಸ್ತುಗಳು

ನಿಂಬೆರಸ. ನಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಡಲತೀರದಲ್ಲಿ ಇದಕ್ಕಿಂತ ಕೆಟ್ಟ ಮನೆಮದ್ದು ಇಲ್ಲ.

ಸುಣ್ಣ, ಟೂತ್‌ಪೇಸ್ಟ್, ಕಾದ ಚಮಚ. ಮೊದಲನೆಯದೂ ಮೂರನೆಯದೂ ಚರ್ಮ ಸುಡುತ್ತವೆ, ನಡುವಿನದು ಕೆರಳಿಸುತ್ತದೆ.

ಅಂಗಡಿಯವರು ಕೊಡುವ ‘ಎಲ್ಲಕ್ಕೂ ಆಗುವ’ ಟ್ಯೂಬ್. ಬಲವಾದ ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮೂರನ್ನೂ ಬೆರೆಸಿದ ಮುಲಾಮುಗಳು ನಮ್ಮ ದೇಶದಲ್ಲಿ ಚೀಟಿಯಿಲ್ಲದೆ ಧಾರಾಳವಾಗಿ ಕೈಬದಲಾಗುತ್ತವೆ. ಮೊದಲ ದಿನ ತುರಿಕೆ ಮಾಯವಾದಂತೆ ಕಾಣುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಹುಳುಕಡ್ಡಿಯಂಥ ಸೋಂಕು ಒಳಗೊಳಗೇ ಬೆಳೆದು ಹಟಮಾರಿಯಾಗುತ್ತದೆ. ಚರ್ಮರೋಗ ತಜ್ಞರು ವರ್ಷಗಳಿಂದ ಕೂಗಿ ಹೇಳುತ್ತಿರುವ ಮಾತಿದು. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್ ಎಂಬ ಬಲವಾದ ಸ್ಟಿರಾಯ್ಡ್‌ನ ಹೆಸರಿದ್ದರೆ ವೈದ್ಯರು ಬರೆದುಕೊಡದೆ ಮುಟ್ಟಬೇಡಿ.

## ಎಚ್ಚರಿಕೆಯ ಸೂಚನೆಗಳು

ಒಂದೇ ಕ್ಷಣವೂ ಕಾಯದೆ ನೆರವು ಪಡೆಯಬೇಕಾದದ್ದು: ಉಸಿರಾಡಲು ಕಷ್ಟ, ತುಟಿ, ನಾಲಗೆ ಅಥವಾ ಮುಖ ಊದುವುದು, ಮೈಯೆಲ್ಲ ದದ್ದು ಎದ್ದು ತಲೆಸುತ್ತು. ತೀವ್ರ ಅಲರ್ಜಿಯ ಲಕ್ಷಣಗಳಿವು. 112ಕ್ಕೆ ಕರೆ ಮಾಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಧಾವಿಸಿ. ದ್ವೀಪಗಳಲ್ಲಿ ದೊಡ್ಡ ಚಿಕಿತ್ಸೆಗೆ ಪೋರ್ಟ್ ಬ್ಲೇರ್‌ನ, ಈಗಿನ ಶ್ರೀ ವಿಜಯಪುರಂನ, ಜಿ.ಬಿ. ಪಂತ್ ಆಸ್ಪತ್ರೆಗೇ ಹೋಗಬೇಕು. ನಡುವೆ ಹಡಗಿನ ಪ್ರಯಾಣವಿದೆ ಎಂಬುದನ್ನು ಮರೆಯದೆ ಬೇಗ ನಿರ್ಧರಿಸಿ.

ಅದೇ ದಿನ ವೈದ್ಯರನ್ನು ಕಾಣಬೇಕಾದದ್ದು: ಕೆಂಪು ದಿನದಿಂದ ದಿನಕ್ಕೆ ಅಗಲವಾಗುವುದು, ಮುಟ್ಟಿದರೆ ಬಿಸಿ ಮತ್ತು ನೋವು, ಕೀವು, ಗಾಯದಿಂದ ಮೇಲಕ್ಕೆ ಏರುವ ಕೆಂಪು ಗೆರೆ, ತೊಡೆಸಂದಿಯಲ್ಲಿ ಗಂಟು, ಜ್ವರ. ಅನುಮಾನವಿದ್ದರೆ ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಕೆಲವು ಗಂಟೆಗಳ ನಂತರ ನೋಡಿ. ಗೆರೆ ದಾಟಿದ್ದರೆ ಅದು ಬರೀ ಕಡಿತವಲ್ಲ. ಮಧುಮೇಹ ಇರುವವರು ಕಾಲಿನ ಯಾವ ಗಾಯಕ್ಕೂ ಇಷ್ಟು ಲಕ್ಷಣ ಕಾಣುವವರೆಗೆ ಕಾಯಬಾರದು.

## ಊರಿಗೆ ಮರಳಿದ ಮೇಲೆ

ಗುಳ್ಳೆಗಳು ಒಂದೆರಡು ವಾರದಲ್ಲಿ ಒಣಗುತ್ತವೆ. ಆ ಅವಧಿ ದಾಟಿಯೂ ಗಾಯ ಮಾಯದಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ.

ಮರಳಿದ ವಾರಗಳಲ್ಲಿ ಜ್ವರ ಬಂದರೆ ನೊರಜಿನ ಕಡಿತದ ಮೇಲೆ ಹೊಣೆ ಹೊರಿಸಿ ಸುಮ್ಮನಿರಬೇಡಿ. ಅಂಡಮಾನ್ ನಿಕೋಬಾರ್‌ನಲ್ಲಿ ಮಲೇರಿಯಾ, ಡೆಂಗಿ, ಇಲಿಜ್ವರ, ಪೊದೆಗಳಲ್ಲಿರುವ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಎಲ್ಲವೂ ಇವೆ. ಜ್ವರದ ಜೊತೆ ಮೈಮೇಲೆ ಎಲ್ಲಾದರೂ ನೋವಿಲ್ಲದ, ಸಿಗರೇಟಿನಿಂದ ಸುಟ್ಟಂಥ ಕಪ್ಪು ಹೆಕ್ಕಳೆ ಕಂಡರೆ ಅದು ಸ್ಕ್ರಬ್ ಟೈಫಸ್‌ನ ಗುರುತಾಗಿರಬಹುದು. ಕಂಕುಳು, ತೊಡೆಸಂದಿ, ಸೊಂಟಪಟ್ಟಿಯ ಜಾಗಗಳಲ್ಲಿ ಹುಡುಕಿ. ಸಕಾಲಕ್ಕೆ ಸರಿಯಾದ ಆ್ಯಂಟಿಬಯಾಟಿಕ್ ಸಿಕ್ಕರೆ ಗುಣವಾಗುತ್ತದೆ, ತಡವಾದರೆ ಪ್ರಾಣಕ್ಕೇ ಕುತ್ತು. ವೈದ್ಯರ ಮುಂದೆ ಕೂತಾಗ ಅವರು ಕೇಳಲಿ ಎಂದು ಕಾಯದೆ, ಯಾವ ದ್ವೀಪದಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದ್ದಿರಿ ಎಂದು ಮೊದಲೇ ಹೇಳಿ.